ಸುಮ್ಮನೆ ಕೂರುವ ಮಾತ್ರೆ

ಇಂಗ್ಲೆಂಡಿನ ಹೆನ್ರಿ ಡೇಲ್ ಮೂವತ್ತರ ಆಸುಪಾಸಿನಲ್ಲಿದ್ದಾಗ ವೆಲ್‌ಕಮ್ ಪ್ರಯೋಗಾಲಯದಲ್ಲಿ ಅರ್ಗಟ್ ಮೇಲೆ ಕೆಲಸ ಮಾಡುತ್ತಿದ್ದರು. ರೈ ಧಾನ್ಯದ ತೆನೆಗೆ ಹತ್ತುವ ಒಂದು ಬಗೆಯ ಶಿಲೀಂಧ್ರ ಅದು. ಅರ್ಗಟ್ ಸಾರ ಕೊಟ್ಟಿದ್ದ ಬೆಕ್ಕೊಂದು ಮೇಜಿನ ಮೇಲಿದ್ದಾಗಲೇ, ಕಾರ್ಖಾನೆಯಿಂದ ಪರೀಕ್ಷೆಗೆಂದು ಬಂದಿದ್ದ ಅಡ್ರಿನಲ್ ಗ್ರಂಥಿಯ ಸಾರವನ್ನೂ ಅದಕ್ಕೇ ಚುಚ್ಚಿ ನೋಡಿದರು. ಈ ಸಾರಕ್ಕೆ ರಕ್ತದೊತ್ತಡ ಏರಬೇಕು. ಆಲಿವರ್ ಮತ್ತು ಶೇಫರ್ ಎಂಬಿಬ್ಬರು 1890ರ ದಶಕದಲ್ಲೇ ಅದನ್ನು ತೋರಿಸಿಕೊಟ್ಟಿದ್ದರು. ಇಲ್ಲಿ ನೋಡಿದರೆ ಇಳಿಯಿತು. ಸರಕು ಕೆಟ್ಟಿದೆ ಎಂದು ಡೇಲ್ ಷರಾ ಬರೆದು ಕಳಿಸಿದರು. ಮುಂದಿನ ಸರಕಿಗೂ ಹಾಗೆಯೇ ಆದಾಗ ಹೊಳೆಯಿತು: ಸರಕಿನಲ್ಲಿ ದೋಷವಿಲ್ಲ, ಮೊದಲೇ ಒಳಸೇರಿದ್ದ ಅರ್ಗಟ್ ಬೆಕ್ಕಿನ ಮೈಯನ್ನೇ ಬದಲಿಸಿಬಿಟ್ಟಿದೆ. 1906ರಲ್ಲಿ ಅದನ್ನು ಪ್ರಕಟಿಸಿದರು.

ಔಷಧಶಾಸ್ತ್ರ ಓದಿದ ಹಳೆಯ ತಲೆಮಾರಿನವರಿಗೆ ಇದು ಪುಸ್ತಕದ ಕಥೆಯಲ್ಲ, ಕೈಗೆ ಮಸಿ ಹತ್ತಿಸಿಕೊಂಡು ಕಲಿತದ್ದು. ನಮ್ಮ ವೈದ್ಯಕೀಯ, ಫಾರ್ಮಸಿ ಕಾಲೇಜುಗಳಲ್ಲಿ ನುಣುಪು ಕಾಗದವನ್ನು ಡ್ರಮ್ಮಿಗೆ ಸುತ್ತಿ, ಹೊಗೆಯಾಡುವ ಜ್ವಾಲೆಯ ಮೇಲೆ ತಿರುಗಿಸಿ ಕಪ್ಪು ಹಿಡಿಸುತ್ತಿದ್ದರು. ಡ್ರಮ್ ನಿಧಾನವಾಗಿ ತಿರುಗಿದಂತೆ ಸೂಜಿಯ ಮೊನೆ ಮಸಿಯನ್ನು ಕೆರೆಯುತ್ತ ಪ್ರಾಣಿಯ ರಕ್ತದೊತ್ತಡವನ್ನು ಬಿಳಿಯ ಗೆರೆಯಾಗಿ ಬರೆಯುತ್ತಿತ್ತು. ಅಡ್ರಿನಲ್ ಸಾರದಲ್ಲಿರುವ ಹಾರ್ಮೋನಾದ ಅಡ್ರಿನಲಿನ್ ಕೊಟ್ಟರೆ ಗೆರೆ ಸರ್ರನೆ ಮೇಲೇಳುತ್ತದೆ. ಅರ್ಗಟ್‌ನಂತೆ ಅದಕ್ಕೆ ಅಡ್ಡಬರುವ ಆಲ್ಫಾ ಬ್ಲಾಕರ್ ಎಂಬ ಮದ್ದು ಕೊಟ್ಟ ಮೇಲೆ ಮತ್ತೆ ಅಷ್ಟೇ ಅಡ್ರಿನಲಿನ್ ಕೊಟ್ಟರೆ, ಏರು ಇರಬೇಕಾದಲ್ಲಿ ಹಳ್ಳ. ಅರಗಿನ ದ್ರಾವಣ ಬಳಿದು ಒಣಗಿಸಿದ ಅಂಥ ಪಟ್ಟಿಯನ್ನು ಪರೀಕ್ಷೆಯಲ್ಲಿ ಮುಂದಿಟ್ಟು ‘ಇದೇನಪ್ಪ, ಹೇಳು’ ಅನ್ನುವುದು ವಾಡಿಕೆ. ‘ಡೇಲ್ಸ್ ರಿವರ್ಸಲ್ ಸರ್’ ಅಂದರೆ ಅಂಕ ಬಂತು. ಈಗ ಪ್ರಾಣಿಯೂ ಇಲ್ಲ, ಡ್ರಮ್ಮೂ ಇಲ್ಲ, ಅದೇ ಗೆರೆ ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತದೆ. ಒಳ್ಳೆಯದೇ ಆಯಿತು. ಆದರೆ ಹೆಸರು ಹೇಳಿ ಅಂಕ ಗಿಟ್ಟಿಸಿದವರಲ್ಲಿ ಎಷ್ಟು ಮಂದಿ ಆ ಗೆರೆ ನೋಡಿ ಬೆಚ್ಚಿದರೋ! ಬೆಚ್ಚಬೇಕಾದ ಗೆರೆ ಅದು. ಪ್ರಾಣಿ ಅದೇ, ಪದಾರ್ಥ ಅದೇ, ಪ್ರಮಾಣವೂ ಅದೇ. ಅರ್ಥ ಮಾತ್ರ ಉಲ್ಟಾ.

ಹಾಗಿದ್ದರೆ ‘ಒತ್ತಡ ಏರಲಿ’ ಎಂಬ ಅಪ್ಪಣೆ ಅಡ್ರಿನಲಿನ್ನಿನಲ್ಲಿ ಎಲ್ಲಿತ್ತು? ಅದರ ಒಂದು ಅಣುವಿನಲ್ಲಿರುವುದು 26 ಪರಮಾಣು. ಜೋಕಿಚಿ ತಕಾಮಿನೆ ಎಂಬ ಜಪಾನಿ ರಸಾಯನಶಾಸ್ತ್ರಜ್ಞ 1901ರ ಹೊತ್ತಿಗೆ ಅದನ್ನು ಹರಳಾಗಿ ಬೇರ್ಪಡಿಸಿ ತೋರಿಸಿದ್ದರು. ಆರಾಮವಾಗಿ ಕುಳಿತವರ ಒಂದು ಲೀಟರ್ ಪ್ಲಾಸ್ಮಾದಲ್ಲಿ ಅದು ಸಾಮಾನ್ಯವಾಗಿ ಗ್ರಾಂನ ಕೋಟಿಯ ಒಂದು ಪಾಲಿಗಿಂತ ಕಡಿಮೆ ಇರುತ್ತದೆ. ಭಯವೋ ಸಿಟ್ಟೋ ಬಂದಾಗ ಅದು ಏರುತ್ತದೆ. ಎಲ್ಲ ಅಂಗಗಳಿಗೂ ಹೋಗುವುದು ಅದೇ ರಕ್ತ, ತಲುಪುವುದು ಅದೇ ಅಣು. ಆದರೆ ಹೃದಯ ಜೋರಾಗಿ ಬಡಿಯುತ್ತದೆ, ಕರುಳು ಮಂದವಾಗುತ್ತದೆ. ಚರ್ಮದ ರಕ್ತನಾಳ ಬಿಗಿಯುತ್ತದೆ, ತೊಡೆಯ ಸ್ನಾಯುವಿನ ರಕ್ತನಾಳ ಅಗಲವಾಗುತ್ತದೆ. ಶ್ವಾಸನಾಳ ಸಡಿಲಗೊಳ್ಳುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ.

ಈ ವೈವಿಧ್ಯಕ್ಕೆ ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಕೊಟ್ಟ ವಿವರಣೆ ನಮಗೆಲ್ಲ ಸಹಜವಾಗಿ ಹೊಳೆಯುವಂಥದ್ದು: ಕೆಲಸ ಎರಡು ತೆರನಾದ ಮೇಲೆ ದೂತರೂ ಎರಡು ತೆರನಾಗಿರಬೇಕು, ಒಬ್ಬ ಕೆರಳಿಸುವವನು, ಇನ್ನೊಬ್ಬ ತಣಿಸುವವನು. 1930ರ ದಶಕದಲ್ಲಿ ಇದೇ ಚಾಲ್ತಿಯಲ್ಲಿತ್ತು. ಜಾರ್ಜಿಯಾ ರಾಜ್ಯದ ಅಗಸ್ಟಾದಲ್ಲಿದ್ದ ರೇಮಂಡ್ ಆಲ್‌ಕ್ವಿಸ್ಟ್ ಹುಡುಕುತ್ತಿದ್ದುದೇ ಬೇರೆ, ಮುಟ್ಟಿನ ನೋವಿಗೆ ಗರ್ಭಕೋಶವನ್ನು ಸಡಿಲಿಸುವ ಮದ್ದು. ಅದಕ್ಕಾಗಿ ಅಡ್ರಿನಲಿನ್ ಬಳಗದ ಹಲವು ಸಂಯುಕ್ತಗಳನ್ನು ಒಂದೊಂದೇ ಅಂಗಾಂಶದ ಮೇಲೆ ಹಾಕಿ, ಯಾವುದು ಎಷ್ಟು ಜೋರು ಎಂದು ಸಾಲಾಗಿ ಬರೆದುಕೊಳ್ಳುತ್ತ ಹೋದರು. ಅಂಗಾಂಶಕ್ಕೊಂದು ಸಾಲು ಬರಬಹುದಿತ್ತು. ಬಂದದ್ದು ಎರಡೇ. ಒಂದು ಬಗೆಯ ಅಂಗಾಂಶಗಳಲ್ಲಿ ಅಡ್ರಿನಲಿನ್ ಮುಂದೆ, ಐಸೊಪ್ರಿನಲಿನ್ ಕಟ್ಟಕಡೆಗೆ. ಇನ್ನೊಂದು ಬಗೆಯಲ್ಲಿ ಐಸೊಪ್ರಿನಲಿನ್ನೇ ಎಲ್ಲಕ್ಕೂ ಮುಂದೆ. ಅಂದರೆ ದೂತರಲ್ಲಿ ಭೇದವಿಲ್ಲ, ಭೇದವೆಲ್ಲ ಅಂಗಾಂಶದಲ್ಲಿದೆ, ಅಲ್ಲಿ ದೂತನ ಮಾತು ಕೇಳಿಸಿಕೊಳ್ಳುವ ಎರಡು ಬಗೆಯ ರಿಸೆಪ್ಟರ್‌ಗಳಿವೆ. ಅವಕ್ಕೆ ಆಲ್ಫಾ, ಬೀಟಾ ಎಂದು ಹೆಸರಿಟ್ಟರು. ಈ ಪ್ರಬಂಧವನ್ನು ಒಂದು ಪತ್ರಿಕೆ ಹಿಂದಕ್ಕೆ ಕಳಿಸಿತು. 1948ರಲ್ಲಿ ಇನ್ನೊಂದು ಅಚ್ಚು ಮಾಡಿತು. ಬಳಿಕ ಹತ್ತು ವರ್ಷ ಅದನ್ನು ಮೂಸಿ ನೋಡಿದವರೂ ಕಡಿಮೆ.

ಆಲ್‌ಕ್ವಿಸ್ಟರ ಮಾತಿನಲ್ಲಿ ಜನಕ್ಕೆ ಜೀರ್ಣವಾಗದ ಒಂದು ಅಂಶವಿತ್ತು. ಹೃದಯವನ್ನು ಕೆರಳಿಸುವ ಬೀಟಾ ರಿಸೆಪ್ಟರ್ರೇ ಶ್ವಾಸನಾಳವನ್ನು ಸಡಿಲಿಸುತ್ತದೆ ಎಂದರು ಅವರು. ಕೆರಳಿಸುವುದು, ತಣಿಸುವುದು ಎಂಬ ಗುಣ ರಿಸೆಪ್ಟರ್‌ಗೂ ಅಂಟಿದ್ದಲ್ಲ ಎಂದಂತಾಯಿತು. ಮತ್ತೆ ಯಾವುದಕ್ಕೆ ಅಂಟಿದ್ದು? ಇದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ರಿಸೆಪ್ಟರ್ ಎಂಬುದನ್ನು ಕಣ್ಣಾರೆ ಕಂಡವರೂ ಆಗ ಇರಲಿಲ್ಲ. ಲೆಕ್ಕ ಹೊಂದಿಸಲು ತಾನು ಕಲ್ಪಿಸಿಕೊಂಡ ಅಮೂರ್ತ ವಸ್ತು ಅದು ಎಂದು ಆಲ್‌ಕ್ವಿಸ್ಟ್ 1973ರಲ್ಲೂ ಬರೆದರು. ಅಷ್ಟು ಹೊತ್ತಿಗೆ ಅದನ್ನು ತಡೆಯುವ ಮಾತ್ರೆ ನುಂಗಿ ಜನ ಬದುಕುತ್ತಿದ್ದರು! ನಂಬಿಕೆಗಿಂತ ಮೊದಲೇ ಉಪಯೋಗ ಬಂದುಬಿಡುವುದು ವಿಜ್ಞಾನದಲ್ಲಿ ಹೊಸತೇನಲ್ಲ.

ಉತ್ತರದ ಒಂದು ತುದಿ ಸಿಕ್ಕಿದ್ದು ಯಕೃತ್ತಿನಲ್ಲಿ. ಅರ್ಲ್ ಸದರ್‌ಲ್ಯಾಂಡ್ ಮತ್ತು ಥಿಯೊಡರ್ ರಾಲ್ 1950ರ ದಶಕದಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಯಕೃತ್ತಿನ ಜೀವಕೋಶಗಳನ್ನು ಅರೆದು, ಗಟ್ಟಿಭಾಗ ಮತ್ತು ತಿಳಿಭಾಗವಾಗಿ ಬೇರ್ಪಡಿಸಿದರು. ಅರೆದ ಜೀವಕೋಶದಲ್ಲಿ ಹಾರ್ಮೋನು ಕೆಲಸ ಮಾಡೀತು ಎಂಬ ನಂಬಿಕೆ ಆಗ ಬಹಳ ಜನಕ್ಕಿರಲಿಲ್ಲ. ಪೊರೆಯ ಚೂರುಗಳಿದ್ದ ಗಟ್ಟಿಭಾಗಕ್ಕೆ ಅಡ್ರಿನಲಿನ್ ಸೇರಿಸಿದಾಗ ಅಲ್ಲಿ ಏನೋ ಒಂದು ಹುಟ್ಟಿತು, ಕುದಿಸಿದರೂ ಕೆಡದಂಥದ್ದು. ಅದನ್ನಷ್ಟೇ ತೆಗೆದು ತಿಳಿಭಾಗಕ್ಕೆ ಹಾಕಿದರೆ ಸಕ್ಕರೆ ಬಿಡಿಸುವ ಕಿಣ್ವ ಚುರುಕಾಯಿತು. ಅಡ್ರಿನಲಿನ್ ತಿಳಿಭಾಗವನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಹೊಸ್ತಿಲಾಚೆ ನಿಂತು ಅದು ಸುದ್ದಿ ಮುಟ್ಟಿಸುತ್ತದೆ, ಒಳಗಿನ ಓಡಾಟವೆಲ್ಲ ಸೈಕ್ಲಿಕ್ ಎಎಂಪಿ ಎಂಬ ಇನ್ನೊಬ್ಬ ದೂತನದು. ಈ ಶೋಧಕ್ಕೆ ಸದರ್‌ಲ್ಯಾಂಡ್ 1971ರಲ್ಲಿ ನೊಬೆಲ್ ಪಡೆದರು. ರಿಸೆಪ್ಟರ್‌ಗೂ ಎರಡನೆಯ ದೂತನಿಗೂ ನಡುವೆ ಜಿ ಪ್ರೋಟೀನ್ ಎಂಬ ಮಧ್ಯವರ್ತಿ ಇದೆಯೆಂದು ಆಮೇಲೆ ರಾಡ್ಬೆಲ್ ಮತ್ತು ಗಿಲ್ಮನ್ ತೋರಿಸಿದರು.

ಇಲ್ಲಿಗೆ ಬಂದಾಗ ಅರ್ಥ ಕೈಗೆ ಸಿಕ್ಕಿತು ಅನಿಸುತ್ತದೆ. ಸಿಕ್ಕಿಲ್ಲ. ಹೃದಯದ ಜೀವಕೋಶದಲ್ಲೂ ಬೀಟಾ ರಿಸೆಪ್ಟರ್‌ನಿಂದ ಹುಟ್ಟುವುದು ಸೈಕ್ಲಿಕ್ ಎಎಂಪಿಯೇ, ಶ್ವಾಸನಾಳದ ಸ್ನಾಯುವಿನಲ್ಲೂ ಅದೇ. ಹೃದಯದಲ್ಲಿ ಅದು ಕ್ಯಾಲ್ಸಿಯಂ ಒಳಬರುವ ದಾರಿ ತೆರೆಸಿ ಹಿಂಡುವ ಬಲ ಹೆಚ್ಚಿಸುತ್ತದೆ. ಶ್ವಾಸನಾಳದಲ್ಲಿ ಸ್ನಾಯುವನ್ನು ಬಿಗಿಸುವ ಕಿಣ್ವವನ್ನೇ ಮಂಕಾಗಿಸಿ ಸಡಿಲಗೊಳಿಸುತ್ತದೆ. ಹೊರಗಿನ ಮಾತು ಒಂದೇ, ಕೇಳಿಸಿಕೊಂಡ ಕಿವಿ ಹೆಚ್ಚುಕಮ್ಮಿ ಒಂದೇ, ಒಳಗೆ ಹರಡಿದ ಸುದ್ದಿಯೂ ಒಂದೇ. ಬೇರೆಯಾದದ್ದು ಆ ಜೀವಕೋಶ ಭ್ರೂಣಾವಸ್ಥೆಯಿಂದ ಏನಾಗುತ್ತ ಬಂದಿತು, ಯಾವ ಪ್ರೋಟೀನುಗಳನ್ನು ಕಟ್ಟಿಕೊಂಡು ಕೂತಿದೆ ಎಂಬ ಅದರ ಪೂರ್ವವೃತ್ತಾಂತ. ಅಡ್ರಿನಲಿನ್ ಬಂದು ‘ಹೂಂ’ ಅನ್ನುತ್ತದೆ, ಅಷ್ಟೆ. ಏನು ಮಾಡಬೇಕೆಂಬುದನ್ನು ಪ್ರತಿ ಅಂಗಾಂಶವೂ ಮೊದಲೇ ನಿಶ್ಚಯಿಸಿಕೊಂಡು ಕಾಯುತ್ತಿರುತ್ತದೆ.

ಹಾಗಿದ್ದ ಮೇಲೆ ಬ್ಲಾಕರ್ ಎಂಬ ಮದ್ದು ಮಾಡುವುದಾದರೂ ಏನು? ನನ್ನನ್ನು ಬಹುಕಾಲದಿಂದ ಕಾಡುತ್ತ ಬಂದಿರುವುದು ಈ ಪ್ರಶ್ನೆ. ನಾವು ಮದ್ದು ಎಂದಾಗ ಏನನ್ನೋ ಮಾಡುವ ಪದಾರ್ಥ ಎಂದುಕೊಳ್ಳುತ್ತೇವೆ. ಬ್ಲಾಕರ್ ಹಾರ್ಮೋನಿನ ಜಾಗದಲ್ಲಿ ಹೋಗಿ ಸುಮ್ಮನೆ ಕೂರುತ್ತದೆ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1958ರಲ್ಲಿ ಐಸಿಐ ಕಂಪನಿ ಸೇರಿದಾಗ ಅವರ ತಲೆಯಲ್ಲಿ ಇದ್ದದ್ದು ಎದೆನೋವಿನ ರೋಗಿ. ಕಿರಿದಾದ ರಕ್ತನಾಳ ಹೃದಯಕ್ಕೆ ಬೇಕಾದಷ್ಟು ಆಮ್ಲಜನಕ ಕೊಡಲಾರದು, ಆದ್ದರಿಂದ ನಾಳವನ್ನು ಹಿಗ್ಗಿಸಬೇಕು ಎಂಬುದು ಆಗಿನ ವೈದ್ಯರ ಹಾದಿ. ಪೂರೈಕೆ ಹೆಚ್ಚಿಸಲಾಗದಿದ್ದರೆ ಬೇಡಿಕೆಯನ್ನೇ ಯಾಕೆ ಇಳಿಸಬಾರದು ಎಂದು ಬ್ಲ್ಯಾಕ್ ಕೇಳಿದರು. ಹೃದಯಕ್ಕೆ ಹೆಚ್ಚು ದುಡಿ ಎಂದು ಹೇಳುವ ಅಡ್ರಿನಲಿನ್ನಿನ ಮಾತು ಅದಕ್ಕೆ ಕೇಳದಂತೆ ಮಾಡಿದರೆ ಸಾಕು. ಆಲ್‌ಕ್ವಿಸ್ಟರ ಬೀಟಾ ಎಂಬ ಕಾಗದದ ಮೇಲಿನ ಕಲ್ಪನೆಯನ್ನು ಅವರು ಗುರಿಯಾಗಿ ಹಿಡಿದರು. ಮೊದಲು ಬಂದ ಪ್ರೊನೆಥಲಾಲ್ ಇಲಿಗಳಲ್ಲಿ ಗೆಡ್ಡೆ ಎಬ್ಬಿಸಿದ್ದರಿಂದ ಮೂಲೆ ಸೇರಿತು. 1964ರಲ್ಲಿ ಪ್ರೊಪ್ರನೊಲಾಲ್ ಬಂತು. ಬ್ಲ್ಯಾಕ್ 1988ರಲ್ಲಿ ನೊಬೆಲ್ ಪಡೆದರು.

ಪ್ರೊಪ್ರನೊಲಾಲ್ ನುಂಗಿ ಆರಾಮವಾಗಿ ಮಲಗಿದವನ ಎದೆಬಡಿತ ಸ್ವಲ್ಪವೇ ಇಳಿಯುತ್ತದೆ. ಅವನೇ ನಾಲ್ಕು ಮಹಡಿ ಹತ್ತಲಿ, ವ್ಯತ್ಯಾಸ ಎದ್ದು ಕಾಣುತ್ತದೆ. ಮದ್ದು ಅಷ್ಟೇ ಇದೆ, ಕೂತ ಜಾಗವೂ ಬದಲಾಗಿಲ್ಲ. ಆಡಿದ ಮಾತು ಎಷ್ಟಿತ್ತೋ ತಡೆದದ್ದೂ ಅಷ್ಟು. ಒಬ್ಬ ರೋಗಿಯ ಮೇಲೆ ಬ್ಲಾಕರ್‌ನ ಪರಿಣಾಮ ನೋಡುವುದೆಂದರೆ ಅವನ ಮೈ ತನಗೆ ತಾನೇ ಏನು ಹೇಳಿಕೊಳ್ಳುತ್ತಿತ್ತು ಎಂಬುದನ್ನು ನೋಡುವುದು.

ಇದನ್ನು ನಮ್ಮ ನೆರೆಯಲ್ಲೇ, ಬಹಳ ಕಠೋರವಾದ ಸನ್ನಿವೇಶದಲ್ಲಿ ಕಂಡುಕೊಂಡವರು ಡಾ. ಹಿಮ್ಮತ್‌ರಾವ್ ಬಾವಸ್ಕರ್. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಬಿರವಾಡಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1970ರ ದಶಕದಲ್ಲಿ ವೈದ್ಯರಾಗಿ ಹೋದರು, ಆಮೇಲೆ ಮಹಾಡ್‌ನಲ್ಲಿ ನೆಲೆಸಿದರು. ಅಲ್ಲಿ ಕೆಂಪು ಚೇಳಿನ ಕಾಟ. ಕರ್ನಾಟಕದಲ್ಲೂ ಇರುವ ಚೇಳೇ ಅದು, ಕಲ್ಲಿನ ಸಂದಿ, ಸೌದೆ ರಾಶಿ, ರಾತ್ರಿ ಹೊರಗೆ ಬಿಟ್ಟ ಚಪ್ಪಲಿ ಅದರ ಬಿಡಾರ. ಕುಟುಕಿದ ಸ್ವಲ್ಪ ಹೊತ್ತಿಗೆ ಮಗು ವಾಂತಿ ಮಾಡಿಕೊಳ್ಳುತ್ತದೆ. ಮೈ ಬೆವರಿನಿಂದ ತೊಯ್ದುಹೋಗುತ್ತದೆ, ಕೈಕಾಲು ಮಂಜಿನಂತೆ ತಣ್ಣಗಾಗುತ್ತವೆ. ರಕ್ತದೊತ್ತಡ ವಿಪರೀತ ಏರಿ, ಶ್ವಾಸಕೋಶದಲ್ಲಿ ನೀರು ತುಂಬಿ, ಬಾಯಲ್ಲಿ ನೊರೆ ಬರುತ್ತದೆ. ಮಂತ್ರ ಹಾಕಿಸಿ, ಬೇರು ತೇಯ್ದು ಹಚ್ಚಿ, ಕಡೆಗೆ ಆಸ್ಪತ್ರೆಗೆ ಹೊತ್ತು ತರುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಆಸ್ಪತ್ರೆಯಲ್ಲೂ ಇದಕ್ಕೆ ನೇರವಾದ ಮದ್ದಿರಲಿಲ್ಲ.

ಚೇಳಿನ ವಿಷ ನರಗಳ ಸೋಡಿಯಂ ದ್ವಾರಗಳನ್ನು ಮುಚ್ಚಲು ಬಿಡುವುದಿಲ್ಲ. ನರಗಳು ಎಡೆಬಿಡದೆ ಮಿಡಿಯುತ್ತವೆ, ಅಡ್ರಿನಲಿನ್ ಮತ್ತು ಅದರ ಸೋದರ ನಾರ್‌ಅಡ್ರಿನಲಿನ್ ಪ್ರವಾಹವಾಗಿ ಹರಿಯುತ್ತವೆ. ಹೃದಯವನ್ನೂ ಶ್ವಾಸಕೋಶವನ್ನೂ ಕೆಡವುವುದು ಬಹುಮಟ್ಟಿಗೆ ಆ ಮಗುವಿನದೇ ಹಾರ್ಮೋನು, ಅದನ್ನೇ ನಂಬಿದ ಅದರದೇ ರಕ್ತನಾಳ. ಬಾವಸ್ಕರ್ ಪ್ರಜೋಸಿನ್ ಕೊಟ್ಟರು. ರಕ್ತದೊತ್ತಡಕ್ಕೆಂದು ಆಗ ಚಾಲ್ತಿಗೆ ಬಂದಿದ್ದ ಅಗ್ಗದ ಆಲ್ಫಾ ಬ್ಲಾಕರ್ ಅದು. ಚೇಳಿನ ವಿಷಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ, ವಿಷದ ಒಂದು ಕಣವನ್ನೂ ಅದು ಮುಟ್ಟುವುದಿಲ್ಲ. ರಕ್ತನಾಳದ ಗೋಡೆಯ ಆಲ್ಫಾ ರಿಸೆಪ್ಟರ್‌ನಲ್ಲಿ ಹೋಗಿ ಕೂರುತ್ತದೆ, ಅಷ್ಟೆ. ಮಗುವನ್ನು ಏಳಿಸದೆ ಮಲಗಿಸಿಯೇ ಇಟ್ಟಿರಬೇಕು, ಎದ್ದರೆ ಒತ್ತಡ ಕುಸಿಯುವ ಭಯ. ಕೈಕಾಲು ಬೆಚ್ಚಗಾಗುವುದೇ ಗುಣವಾಗುತ್ತಿರುವ ಗುರುತು. 1986ರಲ್ಲಿ ಬಾವಸ್ಕರ್ ದಂಪತಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಅದಕ್ಕೆ ಮೊದಲು ತೀವ್ರವಾಗಿ ಬಾಧಿತರಾದವರಲ್ಲಿ ಶೇ 30ರ ಆಸುಪಾಸಿನಲ್ಲಿದ್ದ ಸಾವು ಬರಬರುತ್ತ ಬೆರಳೆಣಿಕೆಗೆ ಇಳಿಯಿತು. ಪ್ರತಿವಿಷವನ್ನೂ ಜೊತೆಗೆ ಕೊಟ್ಟರೆ ಚೇತರಿಕೆ ಇನ್ನೂ ಬೇಗ ಎಂದು 2011ರಲ್ಲಿ ಅವರೇ ತೋರಿಸಿದರು.

ತಡೆಯುವುದೆಂದರೆ ಎಲ್ಲವನ್ನೂ ತಡೆದರಾಯಿತು ಎಂದಲ್ಲ. ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೋಮೋಸೈಟೋಮಾ ಎಂಬ ಗೆಡ್ಡೆ ಬೆಳೆದು ಹಾರ್ಮೋನು ಉಕ್ಕಿಸುವಾಗ ಮೊದಲು ಆಲ್ಫಾ ತಡೆಯಬೇಕು, ಆಮೇಲೆ ಬೇಕಿದ್ದರೆ ಬೀಟಾ. ಕ್ರಮ ತಪ್ಪಿದರೆ ರಕ್ತನಾಳವನ್ನು ಸಡಿಲಿಸುತ್ತಿದ್ದ ಬೀಟಾದ ದನಿ ಅಡಗಿ, ಬಿಗಿಸುವ ಆಲ್ಫಾದ ದನಿಯೊಂದೇ ಉಳಿದು ಒತ್ತಡ ಮಿತಿಮೀರುತ್ತದೆ. ಆಲ್ಫಾ ಅಡಗಿ ಬೀಟಾ ಉಳಿದಾಗ ಇಳಿದಿದ್ದ ಡೇಲ್ ಅವರ ಗೆರೆ ಇಲ್ಲಿ ಆಪರೇಷನ್ ಥಿಯೇಟರಿನಲ್ಲಿ ಬೋರಲಾಗಿ ಮೂಡುತ್ತದೆ.

ಮೌನವೂ ಮೈಗೆ ಕೇಳಿಸುತ್ತದೆ ಎಂಬುದು ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಆಳವೆಂದು ತೋರುವ ಸಂಗತಿ. ತಿಂಗಳುಗಟ್ಟಲೆ ಬೀಟಾ ಬ್ಲಾಕರ್ ನುಂಗಿದರೆ ಜೀವಕೋಶ ಮಾತು ಕೇಳುತ್ತಿಲ್ಲವೆಂದು ಸುಮ್ಮನಿರುವುದಿಲ್ಲ, ಪೊರೆಯ ಮೇಲೆ ಇನ್ನಷ್ಟು ರಿಸೆಪ್ಟರ್‌ಗಳನ್ನು ತಂದು ನಿಲ್ಲಿಸುತ್ತದೆ. ಗುಣವಾಯಿತಲ್ಲ ಎಂದು ಒಂದು ಬೆಳಿಗ್ಗೆ ಮಾತ್ರೆ ಬಿಟ್ಟರೆ ಎಂದಿನ ಅಡ್ರಿನಲಿನ್ನೇ ಅಷ್ಟೂ ರಿಸೆಪ್ಟರ್‌ಗಳ ಮೇಲೆ ಎರಗುತ್ತದೆ. ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ಬೀಟಾ ಬ್ಲಾಕರನ್ನು ಥಟ್ಟನೆ ನಿಲ್ಲಿಸಬೇಡಿ, ಹಂತಹಂತವಾಗಿ ಇಳಿಸಿ ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕೇ. ಇದರ ವಿರುದ್ಧವೂ ನಿಜ. ಸದಾ ಕೂಗುತ್ತಲೇ ಇದ್ದರೆ ಜೀವಕೋಶ ರಿಸೆಪ್ಟರ್‌ಗಳನ್ನು ಒಳಗೆಳೆದುಕೊಂಡುಬಿಡುತ್ತದೆ. ಸೋಲುತ್ತಿರುವ ಹೃದಯದಲ್ಲಿ ಬೀಟಾ ರಿಸೆಪ್ಟರ್‌ಗಳು ಅರ್ಧದಷ್ಟಕ್ಕೆ ಇಳಿದಿರುವುದನ್ನು 1982ರಲ್ಲಿ ಅಮೆರಿಕದ ಮೈಕೆಲ್ ಬ್ರಿಸ್ಟೊ ಮತ್ತು ಸಂಗಡಿಗರು ಕಂಡರು.

ಸೋತ ಹೃದಯಕ್ಕೆ ಬೀಟಾ ಬ್ಲಾಕರ್ ವಿಷವೆಂದು ಆಗಿನ ಪಠ್ಯಪುಸ್ತಕಗಳು ಸಾರುತ್ತಿದ್ದವು. ಅಡ್ರಿನಲಿನ್ನಿನ ಆಸರೆಯಿಂದಲೇ ಹೇಗೋ ಬಡಿಯುತ್ತಿರುವ ಹೃದಯ ಅದು, ಅದನ್ನೂ ಕಿತ್ತುಕೊಂಡರೆ? ತರ್ಕದಲ್ಲಿ ಕುಂದಿರಲಿಲ್ಲ. ಸ್ವೀಡನ್ನಿನ ಗೋಟೆಬೋರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಜೊತೆಗಾರರು ಆದರೂ ಕೊಟ್ಟು ನೋಡಿದರು. 1975ರಲ್ಲಿ ಅವರು ಬರೆದದ್ದು ಬರೀ 7 ರೋಗಿಗಳ ವಿಚಾರ. ನಂಬಿದವರು ಕಡಿಮೆ. 1999ರಲ್ಲಿ ದೊಡ್ಡ ದೊಡ್ಡ ಎರಡು ಪರೀಕ್ಷೆಗಳ ಫಲಿತಾಂಶ ಬಂದು ಸಾವು ಮೂರನೆಯ ಒಂದರಷ್ಟು ತಗ್ಗಿದ್ದು ಕಂಡಾಗ ಪಠ್ಯಪುಸ್ತಕ ತಿದ್ದಬೇಕಾಯಿತು. ಏರುದಾರಿಯಲ್ಲಿ ಬಸವಳಿದ ಎತ್ತಿಗೆ ಬಾರುಕೋಲು ಬೀಸಿದರೆ ನಾಲ್ಕು ಹೆಜ್ಜೆ ಎಳೆದೀತು, ಗಾಡಿ ಊರು ಮುಟ್ಟಬೇಕಾದರೆ ಕೋಲು ಕೆಳಗಿಡಬೇಕು. ಆದರೆ ಇದನ್ನು ಆ ವೈದ್ಯರೂ ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ, ವಾರಗಟ್ಟಲೆ ಕಾದು, ಇಷ್ಟಿಷ್ಟೇ ಏರಿಸುತ್ತ ಹೋದರು. ಮೊದಲ ವಾರಗಳಲ್ಲಿ ರೋಗಿಗೆ ಇನ್ನಷ್ಟು ಸುಸ್ತಾಗುವುದೂ ಉಂಟು. ಈ ತಾಳ್ಮೆ ಇಲ್ಲದಿದ್ದರೆ ಹಳೆಯ ಪಠ್ಯಪುಸ್ತಕವೇ ಸರಿಯೆನಿಸುತ್ತಿತ್ತು.

ಇನ್ನೂ ಒಂದು ಸುತ್ತು ಒಳಗೆ ಹೋದರೆ, ರಿಸೆಪ್ಟರ್ ಹಾರ್ಮೋನಿಗಾಗಿ ಬಾಯಿಮುಚ್ಚಿ ಕಾಯುವ ವಸ್ತುವೂ ಅಲ್ಲ. ಬ್ರಯಾನ್ ಕೊಬಿಲ್ಕಾ ಅವರ ತಂಡ 2007ರಲ್ಲಿ ಬೀಟಾದ ಒಂದು ಉಪಬಗೆಯಾದ ಬೀಟಾ-2 ರಿಸೆಪ್ಟರ್‌ನ ರಚನೆಯನ್ನೂ, 2011ರಲ್ಲಿ ಅದು ಜಿ ಪ್ರೋಟೀನಿಗೆ ಅಂಟಿಕೊಂಡ ಭಂಗಿಯನ್ನೂ ಬಿಡಿಸಿ ತೋರಿಸಿತು. ಮರುವರ್ಷ ಗುರು ರಾಬರ್ಟ್ ಲೆಫ್ಕೊವಿಟ್ಜ್ ಜೊತೆ ಕೊಬಿಲ್ಕಾರಿಗೆ ನೊಬೆಲ್ ಬಂತು. ಆ ರಿಸೆಪ್ಟರ್ ಸದಾ ಮಿಸುಕಾಡುತ್ತಿರುತ್ತದೆ. ಯಾರೂ ಬಾರದಿದ್ದರೂ ಆಗಾಗ ತಾನಾಗಿಯೇ ‘ಸುದ್ದಿ ಬಂತು’ ಎಂಬ ಭಂಗಿಗೆ ಹೊರಳಿ, ಒಳಗೆ ಒಂದಿಷ್ಟು ಸೈಕ್ಲಿಕ್ ಎಎಂಪಿ ಹುಟ್ಟಿಸಿ ಮರಳುತ್ತದೆ. ಪ್ರೊಪ್ರನೊಲಾಲ್‌ನಂಥ ಕೆಲವು ಬ್ಲಾಕರ್‌ಗಳು ಆ ಸ್ವಗತವನ್ನೂ ಅಡಗಿಸಬಲ್ಲವು. ಪಿಂಡೊಲಾಲ್‌ನಂಥವು ಹಾರ್ಮೋನನ್ನು ತಡೆಯುತ್ತಲೇ ತಾವೂ ಸಣ್ಣಗೆ ಪಿಸುಗುಡುತ್ತವೆ. ಆದ್ದರಿಂದ ಬ್ಲಾಕರ್ ಸುಮ್ಮನೆ ಕೂರುತ್ತದೆ ಎಂದು ನಾನು ಮೇಲೆ ಹೇಳಿದ್ದು ಸ್ಥೂಲವಾಗಿ ನಿಜ. ಸುಮ್ಮನಿರುವುದರಲ್ಲೂ ತರತಮಗಳಿವೆ.

ಇಷ್ಟಾದ ಮೇಲೆ ಭಯದ ವಿಚಾರ. ಎದೆ ಡವಡವ ಅನ್ನುವುದರಿಂದ ಭಯವೋ, ಭಯದಿಂದ ಡವಡವವೋ? ಸ್ಪೇನಿನ ವೈದ್ಯ ಗ್ರೆಗೋರಿಯೊ ಮಾರಾನ್ಯೊನ್ 1924ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಅಡ್ರಿನಲಿನ್ ಚುಚ್ಚಿ ಏನನ್ನಿಸುತ್ತದೆ ಎಂದು ಕೇಳಿದರು. ಬಹುಪಾಲು ಮಂದಿ ಎದೆಬಡಿತ, ನಡುಕ ಇವನ್ನಷ್ಟೇ ವರ್ಣಿಸಿದರು. ಇನ್ನು ಕೆಲವರು ಭಯವಾದ ಹಾಗಿದೆ, ಆದರೆ ಭಯವಿಲ್ಲ ಎಂದರು. ಮೈ ಭಯದ ಎಲ್ಲ ಅಲಂಕಾರ ತೊಟ್ಟು ನಿಂತಿತ್ತು, ಭಯ ಮಾತ್ರ ಬಂದಿರಲಿಲ್ಲ.

ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ತನ್ನ ಅವಸ್ಥೆಯನ್ನು ತಾನೇ ಹೇಳಿಕೊಳ್ಳುತ್ತಾನೆ: ಅವಯವಗಳು ಸೋಲುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ರೋಮ ನಿಮಿರಿದೆ, ಗಾಂಡೀವ ಜಾರುತ್ತಿದೆ. ವೈದ್ಯರ ಕಿವಿಗೆ ಇದು ರೋಗಲಕ್ಷಣಗಳ ಅಚ್ಚುಕಟ್ಟಾದ ಪಟ್ಟಿ. ಇವುಗಳಲ್ಲಿ ಕೈನಡುಕ ಬಹುಮಟ್ಟಿಗೆ ಸ್ನಾಯುವಿನ ಬೀಟಾ-2 ರಿಸೆಪ್ಟರ್‌ಗಳ ಕೆಲಸ, ಪ್ರೊಪ್ರನೊಲಾಲ್ ಅದನ್ನು ತಗ್ಗಿಸುತ್ತದೆ. ವೇದಿಕೆ ಹತ್ತುವ ಸಂಗೀತಗಾರರು ಅದನ್ನು ನುಂಗುವುದು ಇದಕ್ಕೇ, ಇಂದಿನ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಬೀಟಾ ಬ್ಲಾಕರ್ ನಿಷಿದ್ಧವಾಗಿರುವುದೂ ಇದಕ್ಕೇ. ರೋಮ ನಿಮಿರುವುದು ಆಲ್ಫಾದ ಪಾಲು, ಅದು ಉಳಿಯುತ್ತಿತ್ತು. ಗಾಂಡೀವ ಜಾರುತ್ತಿರಲಿಲ್ಲವೇನೋ. ಎದುರಿಗೆ ನಿಂತವರು ನನ್ನವರಲ್ಲವೇ ಎಂಬ ಅವನ ಪ್ರಶ್ನೆಗೆ ಮಾತ್ರ ಯಾವ ರಿಸೆಪ್ಟರ್ ಹುಡುಕೋಣ? ಮಾತ್ರೆ ನುಂಗಿ ಕೈ ನಡುಗದವನನ್ನು ಸ್ಥಿತಪ್ರಜ್ಞ ಎನ್ನಲು ನನಗೆ ಮನಸ್ಸು ಬಾರದು. ಹಾಗೆಂದು ಅವನು ಕಪಟಿಯೂ ಅಲ್ಲ. ಮೈಯ ಗದ್ದಲ ಅಡಗಿದರೆ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗಿ ಕೇಳಿಸಲೂಬಹುದು.

ಆದರೆ ಗದ್ದಲಕ್ಕೂ ಒಂದು ಕೆಲಸವಿದೆ. ನಮ್ಮಲ್ಲಿ ಮನೆಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ, ಅವರಲ್ಲಿ ಅನೇಕರು ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರನ್ನೂ ತೆಗೆದುಕೊಳ್ಳುತ್ತಾರೆ. ಇನ್ಸುಲಿನ್ ಚುಚ್ಚಿಕೊಂಡು ಊಟ ತಡವಾಗಿ ರಕ್ತದ ಸಕ್ಕರೆ ಇಳಿದಾಗ ಎದೆಬಡಿತ, ಕೈನಡುಕ ಅವರನ್ನು ಎಚ್ಚರಿಸಬೇಕು. ಬ್ಲಾಕರ್ ಆ ಎರಡನ್ನೂ ಮರೆಮಾಚಬಹುದು. ಉಳಿಯುವುದು ಬೆವರು. ಬೆವರಿನ ಗ್ರಂಥಿಗೆ ಹೋಗುವ ನರ ಅಡ್ರಿನಲಿನ್ ಹರಿಸುವ ಸಿಂಪಥೆಟಿಕ್ ನರಗಳ ಬಳಗದ್ದೇ ಆದರೂ ಅದು ಬಳಸುವುದು ಅಸಿಟೈಲ್‌ಕೋಲಿನ್ ಎಂಬ ಬೇರೆಯದೇ ರಾಸಾಯನಿಕವನ್ನು, ಬೀಟಾ ಬ್ಲಾಕರ್‌ಗೆ ಅಲ್ಲಿ ಕೂರಲು ಜಾಗವಿಲ್ಲ. ಹಾಗಾಗಿ ಇಂಥವರಿಗೆ ವೈದ್ಯರು ಹೇಳಿಕಳಿಸುತ್ತಾರೆ: ಎದೆ ಹೊಡೆದುಕೊಳ್ಳದಿದ್ದರೂ ಸರಿ, ಕಾರಣವಿಲ್ಲದೆ ಮೈ ಬೆವರಿದರೆ ಮೊದಲು ಸಕ್ಕರೆ ನೋಡಿಕೊಳ್ಳಿ, ಮೀಟರ್ ಕೈಗೆ ಸಿಗದಿದ್ದರೆ ಒಂದಿಷ್ಟು ಸಕ್ಕರೆ ಬಾಯಿಗೆ ಹಾಕಿಕೊಂಡೇ ಮುಂದಿನದು.